ಎರಡು ನೊಣಗಳ ಕಥೆ

ದನದ ಗಾಯಕ್ಕೆ ಹುಳ ಬೀಳುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕೊಂಬಿನ ಬುಡ, ಗೊರಸಿನ ಸಂದು, ಈಗಷ್ಟೇ ಹುಟ್ಟಿದ ಕರುವಿನ ಹೊಕ್ಕಳು, ಹೀಗೆ ಹಸಿ ಗಾಯ ಎಲ್ಲಿದ್ದರೆ ಅಲ್ಲಿ. ಸೀತಾಫಲದ ಎಲೆ ಅರೆದು ತುಂಬುವ ಮದ್ದೂ ಹಳೆಯದೇ. ಆದರೆ ಹುಳಗಳೆಲ್ಲ ಒಂದೇ ಅಲ್ಲ. ಗಾಯದಲ್ಲಿ ಕಾಣುವ ಎಷ್ಟೋ ನೊಣಗಳ ಮರಿಗಳು ಕೊಳೆತ ಮಾಂಸವನ್ನು ತಿನ್ನುತ್ತವೆ. ಕೆಲವು ಮಾತ್ರ ಬದುಕಿರುವ ಮೈಯನ್ನೇ ಕೊರೆಯುತ್ತವೆ. ತಿರುಪುಮೊಳೆಯಂತೆ ಒಳಗಿಳಿಯುವ ಇವಕ್ಕೆ ಇಂಗ್ಲಿಷಿನಲ್ಲಿ ಸ್ಕ್ರೂವರ್ಮ್ ಎಂದು ಹೆಸರು.

ಅಮೆರಿಕ ಖಂಡದ ಈ ನೊಣಕ್ಕೆ 1858ರಲ್ಲಿ ಕೊಕ್ರೆಲ್ ಎಂಬ ಫ್ರೆಂಚ್ ವೈದ್ಯ ಕೊಟ್ಟ ಲ್ಯಾಟಿನ್ ಹೆಸರಿನ ಅರ್ಥ 'ಮನುಷ್ಯಭಕ್ಷಕ'. ಫ್ರೆಂಚ್ ಗಯಾನಾದ ಕೈದಿಗಳನ್ನು ಅದು ಕೊಂದದ್ದನ್ನು ಅವನು ದಾಖಲಿಸಿದ್ದ. ಮುಂದೆ ಈ ಗುರುತು ಹೇಗೋ ಮಸುಕಾಯಿತು. ಟೆಕ್ಸಾಸ್‌ನ ದನಗಾಹಿಗಳಿಗೆ ಇದೂ, ಸತ್ತ ಪ್ರಾಣಿಗಳಲ್ಲಿ ಬೆಳೆಯುವ ಇನ್ನೊಂದು ನೊಣವೂ ಬೇರೆ ಬೇರೆಯಾಗಿ ಕಾಣಲಿಲ್ಲ. ನೋಡಲು ಎರಡೂ ಒಂದೇ ಥರ: ನೀಲಿ ಹಸಿರು ಮೈ, ಬೆನ್ನ ಮೇಲೆ ಮೂರು ಗೆರೆ. ಹಾಗಾಗಿ ಸತ್ತ ದನಗಳನ್ನು ಸುಟ್ಟುಹಾಕಿ, ನೊಣ ಹಿಡಿಯುವ ಬೋನುಗಳನ್ನಿಟ್ಟು ಕಾದರು. ಬೋನು ತುಂಬುತ್ತಿತ್ತು, ಗಾಯಕ್ಕೆ ಹುಳ ಬೀಳುವುದು ನಿಲ್ಲುತ್ತಿರಲಿಲ್ಲ.

1933ರಲ್ಲಿ ಕುಶಿಂಗ್ ಮತ್ತು ಪ್ಯಾಟನ್ ಈ ಎರಡನ್ನೂ ಬೇರ್ಪಡಿಸಿದರು. ವಸಾಹತುಕಾಲದ ವೈದ್ಯಕೀಯ ಬರಹಗಳನ್ನು ಓದುವ ನನಗೆ ಪ್ಯಾಟನ್ ಹೆಸರು ಮೊದಲು ಸಿಕ್ಕಿದ್ದು ಅಮೆರಿಕದ ಕಥೆಯಲ್ಲಲ್ಲ, ಮದರಾಸಿನಲ್ಲಿ. ಅವನು ಇಂಡಿಯನ್ ಮೆಡಿಕಲ್ ಸರ್ವಿಸ್‌ನವನು. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿದ್ದವನು. ನಮ್ಮ ಕಡೆ ಮನುಷ್ಯರ, ಜಾನುವಾರುಗಳ ಗಾಯಕ್ಕೆ ಬೀಳುವ ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ನೊಣದ ಬಗ್ಗೆ 1920ರ ಆಸುಪಾಸಿನಲ್ಲೇ ಬರೆದಿದ್ದ. ಸತ್ತ ಮಾಂಸದ ನೊಣ ಬೇರೆ, ಜೀವಂತ ಮಾಂಸದ ನೊಣ ಬೇರೆ ಎಂದು ನೋಡುವ ಕಣ್ಣು ಅವನಿಗೆ ಇಲ್ಲಿಯೇ ಪಳಗಿತು ಎಂದು ನಾನು ಊಹಿಸುತ್ತೇನೆ. ಅವರಿಬ್ಬರೂ ಅಮೆರಿಕದ ನೊಣಕ್ಕೆ ಹೊಸ ಹೆಸರಿಟ್ಟರು. ಅದು ನಿಲ್ಲಲಿಲ್ಲ, ಕೊಕ್ರೆಲ್ ಕೊಟ್ಟದ್ದೇ ಉಳಿಯಿತು.

ಹೆಸರು ಹೋದರೂ ತಿಳಿವಳಿಕೆ ಉಳಿಯಿತು. ಬೋನಿಗೆ ಬೀಳುತ್ತಿದ್ದವು ಬಹುಪಾಲು ಇನ್ನೊಂದು ಜಾತಿಯವು. ನಿಜವಾದ ಅಪರಾಧಿ ನೊಣಗಳ ಸಂಖ್ಯೆ ಬಹಳ ಕಡಿಮೆ. ಟೆಕ್ಸಾಸ್‌ನ ರೈತ ಕುಟುಂಬದ ಎಡ್ವರ್ಡ್ ನಿಪ್ಲಿಂಗ್‌ಗೆ ಹೊಳೆದದ್ದು ಇದೇ. ಹೆಣ್ಣು ಸಾಮಾನ್ಯವಾಗಿ ಜನ್ಮಕ್ಕೆ ಒಂದೇ ಸಲ ಕೂಡುತ್ತದೆ. ಬಂಜೆ ಗಂಡುಗಳನ್ನು ಲಕ್ಷಗಟ್ಟಲೆ ಬಿಟ್ಟರೆ, ಇರುವ ಕೆಲವೇ ಹೆಣ್ಣುಗಳಿಗೆ ಅವೇ ಗಂಟುಬೀಳುತ್ತವೆ, ಮೊಟ್ಟೆ ಒಡೆಯುವುದಿಲ್ಲ. ನೊಣ ಅಪಾರವಾಗಿದ್ದಿದ್ದರೆ ಈ ಲೆಕ್ಕವೇ ಕೂಡುತ್ತಿರಲಿಲ್ಲ. ನಿಪ್ಲಿಂಗ್‌ನ ಸಹೋದ್ಯೋಗಿ ರೇಮಂಡ್ ಬುಶ್‌ಲ್ಯಾಂಡ್ ಮಿಲಿಟರಿ ಆಸ್ಪತ್ರೆಯೊಂದರ ಎಕ್ಸ್‌ರೇ ಯಂತ್ರದಲ್ಲಿ ನೊಣಗಳ ಸಂತಾನಶಕ್ತಿಯನ್ನು ಕಳೆದು ತೋರಿಸಿದ. 1954ರಲ್ಲಿ ಆಡುಗಳೇ ತುಂಬಿದ್ದ ಕುರಾಸೌ ದ್ವೀಪದಲ್ಲಿ ಪ್ರಯೋಗ ನಡೆದು, ಕೆಲವೇ ತಿಂಗಳಲ್ಲಿ ನೊಣ ಇಲ್ಲವಾಯಿತು. 1959ರ ಹೊತ್ತಿಗೆ ಫ್ಲೋರಿಡಾದಲ್ಲೂ ಅಷ್ಟೇ.

ಮುಂದಿನದು ಅಷ್ಟು ನೇರವಾಗಿ ಸಾಗಲಿಲ್ಲ. 1966ರಲ್ಲಿ ಇಡೀ ಅಮೆರಿಕ ಸಂಯುಕ್ತ ಸಂಸ್ಥಾನ ಇದರಿಂದ ಮುಕ್ತವೆಂದು ಸಾರಲಾಯಿತು. 1972ರಲ್ಲಿ ಅಲ್ಲೇ 90,000ಕ್ಕೂ ಹೆಚ್ಚು ಪ್ರಕರಣಗಳು ಕಂಡವು. ನೊಣಕ್ಕೆ ಗಡಿ ಗೊತ್ತಿಲ್ಲವಲ್ಲ! ಮೆಕ್ಸಿಕೋದೊಂದಿಗೆ ಒಪ್ಪಂದವಾಗಿ, 1976ರಲ್ಲಿ ಚಿಯಾಪಸ್ ರಾಜ್ಯದ ಟುಕ್ಸ್‌ಟ್ಲಾ ಗುಟಿಯೆರೆಜ್ ಊರಿನ ಬಳಿ ಬಂಜೆ ನೊಣಗಳ ಕಾರ್ಖಾನೆ ಆರಂಭವಾಯಿತು. ನೊಣವನ್ನು ದಕ್ಷಿಣಕ್ಕೆ ತಳ್ಳುತ್ತಾ ತಳ್ಳುತ್ತಾ ಪನಾಮಾದ ತನಕ ಒಯ್ದರು. ನಡುವೆ 1988ರಲ್ಲಿ ಅದು ಲಿಬಿಯಾದಲ್ಲಿ ಕಾಣಿಸಿಕೊಂಡು ಆಫ್ರಿಕಾವನ್ನೇ ಬೆಚ್ಚಿಬೀಳಿಸಿದಾಗ, ಮೆಕ್ಸಿಕೋದ ಇದೇ ಕಾರ್ಖಾನೆಯ ನೊಣಗಳನ್ನು ವಿಮಾನದಲ್ಲಿ ಕಳಿಸಿ ತಡೆದರು. ಆಗ ಅಮೆರಿಕಕ್ಕೂ ಲಿಬಿಯಾಕ್ಕೂ ಎಂಥ ವೈರವಿತ್ತೆಂದು ನೆನೆದರೆ ಇದು ಸಣ್ಣ ಸಂಗತಿಯಲ್ಲ.

2006ರಿಂದ ಪನಾಮಾದ ಡಾರಿಯೆನ್ ಕಾಡಿನ ಅಂಚಿನಲ್ಲಿ ಪ್ರತಿವಾರ ಬಂಜೆ ನೊಣಗಳನ್ನು ಉದುರಿಸುವ ಬೇಲಿ ನಿಂತಿತು. ಹೊಸ ಕಾರ್ಖಾನೆಯೂ ಅಲ್ಲೇ. ಹಳೆಯದು ಬೇಡವಾಯಿತು, ಮುಚ್ಚಿದರು. 2023ರಲ್ಲಿ ಬೇಲಿ ಮುರಿಯಿತು. ಕಳ್ಳಸಾಗಣೆಯ ದನಗಳೊಂದಿಗೆ ನೊಣ ಕೋಸ್ಟರಿಕಾ, ನಿಕರಾಗುವಾ ದಾಟಿ, 2024ರ ನವೆಂಬರಿನಲ್ಲಿ ಮೆಕ್ಸಿಕೋ ಮುಟ್ಟಿತು. ದಾರಿಯುದ್ದಕ್ಕೂ ಮನುಷ್ಯರ ಗಾಯಗಳಿಗೂ ಹುಳ ಬಿದ್ದಿತು. ಅವರಲ್ಲಿ ಹಲವರು ದನಗಳ ನಡುವೆ ದುಡಿಯುವವರು, ಗಾಯ ತೊಳೆದು ಕಟ್ಟಿಸಿಕೊಳ್ಳಲು ಆಸ್ಪತ್ರೆ ಹತ್ತಿರವಿಲ್ಲದವರು. ಅಮೆರಿಕ ಮೆಕ್ಸಿಕೋದ ದನಗಳಿಗೆ ಗಡಿ ಮುಚ್ಚಿತು. 2025ರಲ್ಲಿ ಅದೇ ಚಿಯಾಪಸ್ ರಾಜ್ಯದ ಮೆಟಾಪಾ ಎಂಬಲ್ಲಿ ಮತ್ತೊಂದು ನೊಣದ ಕಾರ್ಖಾನೆಯ ಕೆಲಸ ಶುರುವಾಯಿತು.