ಬೋರ್ಡ್ ಹಾಕಿದ್ದಷ್ಟೇ ಇತಿಹಾಸನಾ?

ಊರಿನ ಹೆಸರು, ಬಾಣದ ಗುರುತು, ಇಷ್ಟು ಕಿಲೋಮೀಟರ್ ಅನ್ನೋ ಪ್ರವಾಸಿ ಬೋರ್ಡ್‌ಗಳನ್ನ ನೀವೂ ನೋಡಿರ್ತೀರಿ. ‘ಇದು ನಮ್ಮ ಹೆಮ್ಮೆ’ ಅಂತ ಸರ್ಕಾರ ಜನರಿಗೆ ಹೇಳೋ ರೀತಿ ಅದು. ಹಾಗಾದ್ರೆ ಯಾವುದು ಹೆಮ್ಮೆ ಅಂತ ತೀರ್ಮಾನ ಮಾಡೋರು ಯಾರು? ಇವತ್ತು ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕು ಸುತ್ತೋಣ.

ಮೊದಲು ಹಾನಗಲ್. ಇದು ಹಾನಗಲ್ ಕದಂಬರ ರಾಜಧಾನಿ, ಹಳೆಯ ಪಾನುಂಗಲ್ಲು. ಇಲ್ಲಿನ ತಾರಕೇಶ್ವರ ಗುಡಿಯ ಕಮಲದ ಛಾವಣಿಯನ್ನ ಕತ್ತು ನೋಯೋವರೆಗೂ ನೋಡಬಹುದು. ಕೇಂದ್ರದ ಪುರಾತತ್ವ ಇಲಾಖೆ ಇದನ್ನ ‘ರಾಷ್ಟ್ರೀಯ ಮಹತ್ವದ ಸ್ಮಾರಕ’ ಅಂತ ಕಾಯ್ತಿದೆ. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ, ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ದೇಶದ ಹೆಮ್ಮೆಗೆ ಬೆಲೆ ತೆರೋದು ಗುಡಿ ಪಕ್ಕದ ಮನೆಯವರು. ಆದ್ರೆ ಈ ನಿಯಮ ಇಲ್ಲದಿದ್ರೆ ಎಷ್ಟೋ ಗುಡಿಗಳು ಕಾಂಕ್ರೀಟಿನ ನಡುವೆ ಮರೆಯಾಗ್ತಿದ್ವು, ಅದೂ ನಿಜ.

ಶಿಗ್ಗಾವಿ ತಾಲ್ಲೂಕಿನ ಬಾಡ, ಕನಕದಾಸರ ಊರು. ಇಲ್ಲಿ ಸರ್ಕಾರ ಹೊಸದಾಗಿ ಅರಮನೆಯನ್ನೇ ಕಟ್ಟಿಸಿದೆ. ಕುಲದ ಹಮ್ಮನ್ನ ಪ್ರಶ್ನಿಸಿದ ದಾಸರಿಗೆ ಅರಮನೆನಾ ಅಂತ ನಗು ಬರಬಹುದು. ಆದ್ರೆ ರಾಜರ ಕೋಟೆ, ಗುಡಿಗಳೇ ತುಂಬಿದ್ದ ಪ್ರವಾಸಿ ನಕ್ಷೆಯಲ್ಲಿ ಕುರುಬ ಸಮುದಾಯದ ಕವಿಯೊಬ್ಬರಿಗೆ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ.

ನವಾಬರ ಊರು ಸವಣೂರಿನ ಕಥೆ ಬೇರೆ. ಕಲ್ಮಠದ ಆವರಣದಲ್ಲಿರೋ ಮೂರು ದೈತ್ಯ ಮರಗಳು ಆಫ್ರಿಕಾ ಮೂಲದ ಬಾವೋಬಾಬ್. ಜನ ಅವನ್ನ ‘ದೊಡ್ಡ ಹುಣಸೆ’ ಅಂತ ಕರೆದು ತಮ್ಮದಾಗಿಸಿಕೊಂಡ್ರು. 2023ರ ಮಳೆಗಾಲದಲ್ಲಿ ಒಂದು ಮರ ಉರುಳಿದಾಗ ಅದನ್ನ ಕಡಿದು ಸಾಗಿಸಲಿಲ್ಲ, ಮತ್ತೆ ಎತ್ತಿ ನಿಲ್ಲಿಸಿದ್ರು. ಹೊರಗಿನಿಂದ ಬಂದದ್ದೂ ನಮ್ಮದಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೊನೆಗೆ ಹಿರೇಕೆರೂರು ತಾಲ್ಲೂಕಿನ ಅಬಲೂರು. ಇಲ್ಲಿನ ಸೋಮೇಶ್ವರ ಗುಡಿಯ ಶಾಸನ, ಶಿಲ್ಪಗಳಲ್ಲಿ ಏಕಾಂತದ ರಾಮಯ್ಯನ ಕಥೆ ಇದೆ. ಜೈನರ ಜೊತೆ ಪಂಥ, ಶಿವನಿಗೆ ತಲೆಯನ್ನೇ ಅರ್ಪಿಸಿ ಮರಳಿ ಪಡೆದದ್ದು, ಜಿನಬಿಂಬ ಒಡೆದದ್ದು, ಬಿಜ್ಜಳ ಕೊಟ್ಟ ಜಯಪತ್ರ. ಇದು ಗೆದ್ದವರು ಕೆತ್ತಿಸಿದ ಮಾತು, ಸೋತವರ ಮಾತು ಆ ಕಲ್ಲಲ್ಲಿಲ್ಲ. ಸೆಲ್ಫಿಗೆ ಒಗ್ಗದ ಇತಿಹಾಸ ಇದು. ಎಲ್ಲರೂ ಸದಾ ಕೂಡಿ ಬಾಳಿದ್ರು ಅನ್ನೋ ಒಂದು ಸಾಲಿನ ಬೋರ್ಡಿಗೆ ಇದು ಹಿಡಿಸಲ್ಲ.

ಬೋರ್ಡ್ ಹಾಕೋದು ಸರ್ಕಾರದ ಕೆಲಸ ಇರಬಹುದು. ಅದರಲ್ಲಿ ಬಿಟ್ಟುಹೋಗಿದ್ದೇನು ಅಂತ ಕೇಳೋದು ನಮ್ಮ ಕೆಲಸ. ಮುಂದಿನ ಸಂಚಿಕೆಯಲ್ಲಿ ಸಿಗೋಣ.