ಗೋಲಿಬಾರ್ ‘ಆಯಿತು’

ಮೈಸೂರಿಗೆ ವೀಕೆಂಡ್ ಟ್ರಿಪ್ ಹೋದವರು ರಾಮಸ್ವಾಮಿ ಸರ್ಕಲ್ ದಾಟದೆ ವಾಪಸ್ ಬರೋದು ಕಷ್ಟ. ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯೂ ಚಾಮರಾಜ ಜೋಡಿ ರಸ್ತೆಯೂ ಸೇರುವ ಜಾಗ ಅದು. ಹಿಂದೆ ಅದನ್ನ ಫೈವ್ ಲೈಟ್ಸ್ ಸರ್ಕಲ್ ಅಂತಿದ್ರು. ಒಂದು ರಸ್ತೆಗೆ ರಾಣಿಯ ಹೆಸರು, ಇನ್ನೊಂದಕ್ಕೆ ರಾಜನ ಹೆಸರು. ನಡುವಿನ ವೃತ್ತಕ್ಕೆ ಮಾತ್ರ ಒಬ್ಬ ಹೈಸ್ಕೂಲ್ ಹುಡುಗನ ಹೆಸರು.

ಒಮ್ಮೆ ಊಟದ ಹೊತ್ತಲ್ಲಿ ಆಫೀಸಿನ ಗೆಳೆಯರನ್ನ ಕೇಳಿದೆ, ಈ ರಾಮಸ್ವಾಮಿ ಯಾರು ಅಂತ. ‘ಯಾರೋ ದಿವಾನರು ಇರ್ಬೇಕು’ ಅಂದ ಒಬ್ಬ. ‘ಹಳೇ ಎಂಎಲ್ಎ?’ ಅಂದಳು ಇನ್ನೊಬ್ಬಳು. ಮೈಸೂರಿನಲ್ಲೇ ಓದಿದ್ದ ಮೂರನೆಯವನು, ‘ಫ್ರೀಡಂ ಫೈಟರ್ ಕಣ್ರೋ, ಬ್ರಿಟಿಷರು ಶೂಟ್ ಮಾಡಿದ್ರು’ ಅಂದ.

ಮೂರನೆಯ ಉತ್ತರ ಸತ್ಯಕ್ಕೆ ತುಂಬಾ ಹತ್ತಿರ. ಅದಕ್ಕೇ ಅದರೊಳಗಿನ ತಪ್ಪು ಯಾರ ಕಣ್ಣಿಗೂ ಬೀಳಲ್ಲ. ರಾಮಸ್ವಾಮಿ ಸತ್ತದ್ದು 1947ರ ಸೆಪ್ಟೆಂಬರ್ 13ರಂದು. ದೆಹಲಿಯಲ್ಲಿ ತ್ರಿವರ್ಣ ಧ್ವಜ ಏರಿ ಆಗಲೇ 29 ದಿನ ಆಗಿತ್ತು. ಹಾಗಿದ್ರೆ ಹೊಡೆದವರು ಯಾರು?

ಇದನ್ನ ಅರ್ಥ ಮಾಡಿಕೊಳ್ಳೋಕೆ ನಮ್ಮ ಹೊಳಲ್ಕೆರೆಯಿಂದ ನೋಡಿದರೆ ಸುಲಭ. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ, ದಾವಣಗೆರೆ ದಾಟಿದರೆ ಹರಿಹರ. ಅಲ್ಲಿ ತುಂಗಭದ್ರೆ. ಇವತ್ತು ಹೊಳೆ ದಾಟಿದ್ದು ಗೊತ್ತೇ ಆಗಲ್ಲ, ಫೋನ್ ನೋಡ್ತಾ ಕೂತಿರ್ತೀವಿ. 1947ರಲ್ಲಿ ಆ ಹೊಳೆ ಒಂದು ಗಡಿ. ಈಚೆ ದಡ ಮಹಾರಾಜರ ಮೈಸೂರು ಸಂಸ್ಥಾನ, ಆಚೆ ದಡ ಬ್ರಿಟಿಷರು ನೇರವಾಗಿ ಆಳುತ್ತಿದ್ದ ಬಾಂಬೆ ಪ್ರಾಂತ್ಯ. ನಮ್ಮಜ್ಜ ಒಂದು ಮಾತು ಹೇಳೋರು: ‘ಸ್ವಾತಂತ್ರ್ಯ ಆಗಸ್ಟ್ ಹದಿನೈದಕ್ಕೆ ಹರಿಹರದ ಹೊಳೆ ಆಚೀಗೆ ಬಂತು ಕಣಪ್ಪಾ. ಹೊಳೆ ದಾಟಿ ಈಚೀಗೆ ಬರೋಕೆ ಇನ್ನೂ ಎರಡು ತಿಂಗ್ಳು ಹಿಡೀತು.’

ಅಜ್ಜನ ಲೆಕ್ಕ ಸರಿಯಾಗಿಯೇ ಇದೆ. ಮಹಾರಾಜ ಜಯಚಾಮರಾಜ ಒಡೆಯರ್ ಆಗಸ್ಟ್ 9ರಂದೇ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಅದರಿಂದ ಒಕ್ಕೂಟಕ್ಕೆ ಹೋಗಿದ್ದು ರಕ್ಷಣೆ, ವಿದೇಶಾಂಗ ವ್ಯವಹಾರ, ಸಂಪರ್ಕ, ಇಷ್ಟೇ. ಒಳಗಿನ ಆಡಳಿತ ದಿವಾನರ ಕೈಯಲ್ಲೇ ಉಳಿಯಿತು. ಜನ ಆರಿಸಿದವರಿಗೆ ಉತ್ತರ ಕೊಡುವ ಸರ್ಕಾರ, ಆಗಿನ ಮಾತಲ್ಲಿ ‘ಜವಾಬ್ದಾರಿ ಸರ್ಕಾರ’, ಬೇಕು ಅಂತ ಮೈಸೂರು ಕಾಂಗ್ರೆಸ್ ಕೇಳಿತು. ಸಿಗಲಿಲ್ಲ. ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಶುರುವಾಯಿತು. ಅಧ್ಯಕ್ಷ ಕೆ.ಸಿ. ರೆಡ್ಡಿ ಮತ್ತಿತರ ನಾಯಕರು ಜೈಲಿಗೆ ಹೋದರು. ಪತ್ರಿಕೆಗಳ ಬಾಯಿ ಕಟ್ಟಿದರು. ಎಚ್.ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ಯನ್ನು ಗಡಿಯಾಚೆಯ ಹಿಂದೂಪುರದಿಂದ ಹೊರತಂದರು. ಇನ್ನು ಬೀದಿ ತುಂಬಿದ್ದು ಯಾರು? ಬಹುಪಾಲು ವಿದ್ಯಾರ್ಥಿಗಳೇ. ಕೈಯಲ್ಲಿ ಬಾವುಟ, ಬಾಯಲ್ಲಿ ‘ಆರ್ಕಾಟ್ ಬಾಯ್ಕಾಟ್’.

ಈ ಆರ್ಕಾಟ್ ಅಂದ್ರೆ ಆಗಿನ ದಿವಾನರು, ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಹೌದು, ಅವರೂ ರಾಮಸ್ವಾಮಿಯೇ. ‘ದಿವಾನರು ಇರ್ಬೇಕು’ ಅಂದ ನನ್ನ ಗೆಳೆಯನನ್ನ ನೋಡಿ ನಗೋ ಹಾಗಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಇಬ್ಬರು ರಾಮಸ್ವಾಮಿಗಳಿದ್ದರು. ಒಬ್ಬರ ಕೈಯಲ್ಲಿ ಸರ್ಕಾರ ಇತ್ತು. ಇನ್ನೊಬ್ಬ 17ರ ಆಸುಪಾಸಿನ ಹುಡುಗ, ಹಾರ್ಡ್ವಿಕ್ ಶಾಲೆಯ ವಿದ್ಯಾರ್ಥಿ. ಮೆರವಣಿಗೆಯಲ್ಲಿ ಬಂದು ಫೈವ್ ಲೈಟ್ಸ್ ಸರ್ಕಲ್‌ನಲ್ಲಿ ಬಾವುಟ ಏರಿಸೋಕೆ ಹೋದ. ಗುಂಡು ತಗುಲಿ ಸತ್ತ. ಅವನು ಏರಿಸೋಕೆ ಹೋದ ತ್ರಿವರ್ಣ ಧ್ವಜ ಅಷ್ಟೊತ್ತಿಗೆ ದೆಹಲಿಯಲ್ಲಿ ಸರ್ಕಾರದ್ದೇ ಬಾವುಟ ಆಗಿತ್ತು.

ಮಹಾರಾಜರು ಹೊಡೆಯಿರಿ ಅಂತ ಆಜ್ಞೆ ಕೊಟ್ಟರು ಅಂತ ನಾನು ಹೇಳ್ತಿಲ್ಲ. ಆದರೆ ಆ ಗುಂಡಿನ ಖರ್ಚು ಲಂಡನ್ನಿನ ಖಜಾನೆಯದಲ್ಲ, ನಮ್ಮ ಮೈಸೂರಿನದು. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕರೆದ, 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟ್ ತೆಗೆದ, 1916ರಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಅದೇ ಮಾದರಿ ಸಂಸ್ಥಾನದ್ದು. ಈ ಎರಡೂ ನಿಜ. ಒಂದನ್ನ ಹೇಳೋಕೆ ಇನ್ನೊಂದನ್ನ ಮುಚ್ಚಿಡಬೇಕಾಗಿಲ್ಲ. ಆದರೆ ನಾವು ಮುಚ್ಚಿಟ್ಟಿದ್ದೀವಿ. ಯಾಕೆ?

ಮುಂದೆ ಏನಾಯ್ತು ನೋಡಿ. ಅಕ್ಟೋಬರ್‌ನಲ್ಲಿ ಅರಮನೆಗೂ ಕಾಂಗ್ರೆಸ್ಸಿಗೂ ಒಪ್ಪಂದ ಆಯಿತು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಮೊದಲಿಯಾರ್ 1949ರವರೆಗೂ ದಿವಾನರಾಗಿಯೇ ಇದ್ದರು. 1948ರಲ್ಲಿ ಹೈದರಾಬಾದ್ ವಿಚಾರ ವಿಶ್ವಸಂಸ್ಥೆಗೆ ಹೋದಾಗ ಭಾರತದ ಪರ ವಾದ ಮಂಡಿಸಿದ್ದೂ ಅವರೇ. ಮಹಾರಾಜರು ರಾಜಪ್ರಮುಖರಾದರು, 1956ರಿಂದ ರಾಜ್ಯಪಾಲರಾದರು. ಅಂದ್ರೆ ಬೀದಿಯಲ್ಲಿ ಎದುರಾಬದುರು ನಿಂತಿದ್ದ ಎರಡೂ ಕಡೆಯವರು ಎರಡು ತಿಂಗಳೊಳಗೆ ಒಂದೇ ವೇದಿಕೆ ಮೇಲೆ ಕೂತರು. ರಕ್ತ ಇನ್ನೂ ಹರಿಯೋದು ತಪ್ಪಿತು, ಅದು ಸಣ್ಣ ವಿಷಯ ಅಲ್ಲ. ಆದರೆ ಹಾಗೆ ಕೂತ ಮೇಲೆ ‘ಆ ಹುಡುಗನ್ನ ಹೊಡೆದಿದ್ದು ಯಾರು’ ಅಂತ ಗಟ್ಟಿಯಾಗಿ ಕೇಳೋ ಅವಸರ ಯಾರಿಗೂ ಉಳಿಯಲಿಲ್ಲ. ಹುಡುಗನಿಗೆ ಒಂದು ಸರ್ಕಲ್ ಸಿಕ್ಕಿತು.

ನಮ್ಮ ಕನ್ನಡವೂ ಇದಕ್ಕೆ ಸಲೀಸಾಗಿ ಜೊತೆ ಕೊಡುತ್ತೆ. ‘ಮಳೆ ಆಯ್ತು’, ‘ಬೆಳೆ ಆಯ್ತು’, ‘ಗೋಲಿಬಾರ್ ಆಯ್ತು’. ಗಮನಿಸಿದ್ದೀರಾ? ಗೋಲಿಬಾರನ್ನ ಯಾರೂ ‘ಮಾಡಲ್ಲ’, ಅದು ‘ಆಗುತ್ತೆ’. ಆಕಾಶದಿಂದ ಬಿದ್ದ ಹಾಗೆ. ‘ಗುಂಡಿಗೆ ಬಲಿಯಾದರು’ ಅಂದ್ರೂ ಅಷ್ಟೇ, ಅಲ್ಲಿ ಗುಂಡಿದೆ, ಬಲಿಯಿದೆ, ಬಂದೂಕು ಹಿಡಿದ ಕೈ ಇಲ್ಲ. ‘ಹುತಾತ್ಮರಾದರು’ ಅನ್ನೋದಂತೂ ಇನ್ನೂ ದೊಡ್ಡ ಮಾತು. ಸತ್ತವನೇ ಮನಸ್ಸು ಮಾಡಿ ತನ್ನನ್ನ ಅರ್ಪಿಸಿಕೊಂಡ ಹಾಗೆ. ಬಾವುಟ ಏರಿಸೋಕೆ ಹೋದ ಹುಡುಗ ಸಾಯೋಕೆ ಅಂತ ಹೋಗಿರಲಿಲ್ಲ. ಅವನಿಗೆ ಗೌರವ ಕೊಡುವ ಪದವೇ ಹೊಡೆದವನನ್ನ ವಾಕ್ಯದಿಂದ ಆಚೆ ಕಳಿಸಿಬಿಡುತ್ತೆ.

ಹೀಗೆ ಕರ್ತೃ ಕಳೆದುಹೋದ ಜಾಗಕ್ಕೆ ನಮ್ಮ ನೆನಪು ತಾನಾಗಿ ‘ಬ್ರಿಟಿಷರು’ ಅಂತ ತುಂಬಿಕೊಳ್ಳುತ್ತೆ. ರಾಮಸ್ವಾಮಿ ಒಬ್ಬನ ವಿಚಾರದಲ್ಲಿ ಅಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟದ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ನಾವು ಅದನ್ನ ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಅಂತೀವಿ. ಆ ಹೆಸರು ಕೇಳಿದ ತಕ್ಷಣ ಕಣ್ಣ ಮುಂದೆ ಬರೋದು ಜನರಲ್ ಡಯರ್. ಈಸೂರಿನ ಐವರನ್ನ 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದ್ದೂ ಮೈಸೂರು ಸರ್ಕಾರವೇ. ಅದೇ ಹುಬ್ಬಳ್ಳಿಯ ಬಾಲಕ ನಾರಾಯಣ ಮಹಾದೇವ ಡೋಣಿಯ ಕತೆ ಹೇಳುವಾಗ ನಮಗೆ ಯಾವ ತೊಡಕೂ ಇಲ್ಲ. 1942ರಲ್ಲಿ ಅವನನ್ನ ಹೊಡೆದಿದ್ದು ನಿಜವಾಗಿಯೂ ಬ್ರಿಟಿಷ್ ಸರ್ಕಾರದ ಪೊಲೀಸರು. ಹೊಡೆದವನು ಪರದೇಶದವನಾದರೆ ನಮ್ಮ ನೆನಪು ಚುರುಕು. ಮನೆಯವನಾದರೆ ಮಂಕು.

ವಿದ್ಯಾರ್ಥಿಗಳನ್ನ ಕೊಂದ ನೆನಪನ್ನ ಸರ್ಕಾರಗಳು ಹೇಗೆಲ್ಲ ಅಳಿಸೋಕೆ ನೋಡಿವೆ ಅನ್ನೋದಕ್ಕೆ ಹೊರಗಡೆ ಎರಡು ಉದಾಹರಣೆ ತುಂಬಾ ಪ್ರಸಿದ್ಧ. ಢಾಕಾದಲ್ಲಿ 1952ರ ಫೆಬ್ರುವರಿ 21ರಂದು ಬಂಗಾಳಿ ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಗೆಳೆಯರು ರಾತ್ರೋರಾತ್ರಿ ಒಂದು ಸ್ಮಾರಕ ಕಟ್ಟಿದರು. ಮೂರೇ ದಿನಕ್ಕೆ ಪೊಲೀಸರು ಬಂದು ಕೆಡವಿದರು. ಕೆಡವಿದ್ದೇ ತಡ, ಆ ದಿನ ಯಾರಿಗೂ ಮರೆಯದ ದಿನ ಆಯಿತು. ಇವತ್ತು ಇಡೀ ಜಗತ್ತು ಫೆಬ್ರುವರಿ 21ನ್ನ ಮಾತೃಭಾಷಾ ದಿನ ಅಂತ ಆಚರಿಸುತ್ತೆ. ಬೀಜಿಂಗ್‌ನಲ್ಲಿ 1989ರ ಜೂನ್ 4ರದ್ದು ಇನ್ನೊಂದು ದಾರಿ. ಅಲ್ಲಿ ಆ ದಿನದ ಬಗ್ಗೆ ಮಾತಾಡೋದೇ ನಿಷಿದ್ಧ. ಹಾಂಗ್‌ಕಾಂಗ್‌ನಲ್ಲಿ ಪ್ರತಿವರ್ಷ ಮೇಣದಬತ್ತಿ ಹಚ್ಚುತ್ತಿದ್ದವರಿಗೂ 2020ರಲ್ಲಿ ತಡೆ ಬಿತ್ತು.

ಕೆಡವೋದು ಒಂದು, ಬಾಯಿ ಮುಚ್ಚಿಸೋದು ಇನ್ನೊಂದು. ನಮ್ಮದು ಮೂರನೆಯದು, ಹೆಸರಿಟ್ಟು ಮರೆಯೋದು. ಯಾರೂ ತಡೀಲಿಲ್ಲ, ಯಾರೂ ಕೆಡವಲಿಲ್ಲ. ದಿನಕ್ಕೆ ಸಾವಿರಾರು ಜನ ‘ರಾಮಸ್ವಾಮಿ ಸರ್ಕಲ್ ಹತ್ರ ನಿಲ್ಸಿ’ ಅಂತಾರೆ. ಹೆಸರು ಸವೆದು ಬರೀ ವಿಳಾಸ ಆಗಿದೆ.

ಇದಕ್ಕೆ ಇನ್ನೂ ಒಂದು ಕಾರಣ ಇದೆ ಅನ್ಸುತ್ತೆ. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಮೇಲೆ ನಡೆದ ಗೋಲಿಬಾರ್ ನಮಗೆ ಇನ್ನೂ ನೆನಪಿದೆ. ಅದೂ ನಮ್ಮದೇ ಸರ್ಕಾರದ್ದು. ಆದರೂ ಮರೆತಿಲ್ಲ, ಯಾಕಂದ್ರೆ ರೈತರು ಮರೆಯೋಕೆ ಬಿಡಲಿಲ್ಲ. ಪ್ರತಿವರ್ಷ ಆ ದಿನ ಸೇರ್ತಾರೆ. ಅಪ್ಪ ರೈತ ಆದರೆ ಮಗನೂ ಹೊಲದಲ್ಲೇ ಇರ್ತಾನೆ, ಕತೆ ಕೈ ದಾಟುತ್ತೆ. ವಿದ್ಯಾರ್ಥಿಗಳದ್ದು ಹಾಗಲ್ಲ. ಮೂರು ವರ್ಷಕ್ಕೆ ಒಂದು ಬ್ಯಾಚ್ ಖಾಲಿ. ‘ವಿದ್ಯಾರ್ಥಿ’ ಅನ್ನೋದು ಯಾರಿಗೂ ಜೀವನಪೂರ್ತಿ ಇರೋ ಗುರುತಲ್ಲ. ಕೆಲಸ ಸಿಕ್ಕ ಮೇಲೆ ನಾವು ಇಂಜಿನಿಯರ್, ಸಿಎ, ಎಚ್ಆರ್ ಆಗಿಬಿಡ್ತೀವಿ. ಆಮೇಲೆ ಟಿವಿಯಲ್ಲಿ ಲಾಠಿ ಬೀಸೋದು ಕಂಡರೆ ‘ಓದೋದು ಬಿಟ್ಟು ಇವರಿಗೆ ಯಾಕೆ ಬೇಕಿತ್ತು’ ಅಂತೀವಿ. 1947ರಲ್ಲೂ ಹಾಗೆ ಅಂದವರು ಇದ್ದೇ ಇರ್ತಾರೆ. ಆದರೆ ಇವತ್ತು ನಾವು ಓಟು ಹಾಕುವ ಸರ್ಕಾರ ಹರಿಹರದ ಹೊಳೆ ಈಚೆಗೆ ಬಂದಿದ್ದರಲ್ಲಿ ಓದೋದು ಬಿಟ್ಟು ಬೀದಿಗೆ ಬಂದ ಆ ಹುಡುಗರ ಪಾಲಿದೆ.

ಬೆಂಗಳೂರಿನ ಫ್ರೀಡಂ ಪಾರ್ಕ್ ನಿಮಗೆ ಗೊತ್ತಲ್ಲ, ಹಳೇ ಸೆಂಟ್ರಲ್ ಜೈಲ್. ಈಸೂರಿನವರನ್ನ ಗಲ್ಲಿಗೇರಿಸಿದ ಜೈಲು. 2021ರ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆ ಮಾಡೋದಾದರೆ ಅದಕ್ಕೆ ಗೊತ್ತು ಮಾಡಿದ ಜಾಗವೂ ಅದೇ. ಟ್ರಾಫಿಕ್‌ಗೆ ತೊಂದರೆ ಆಗಬಾರದು ಅನ್ನೋದು ಕಾರಣ. ಸಿಲ್ಕ್‌ಬೋರ್ಡ್‌ನಲ್ಲಿ ನಿಂತು ಬೇಯುವವರಿಗೆ ಆ ಕಾರಣ ಅರ್ಥವಾಗುತ್ತೆ, ನನಗೂ ಆಗುತ್ತೆ. ಆದರೆ ಫೈವ್ ಲೈಟ್ಸ್ ಸರ್ಕಲ್ ಕೂಡ ಟ್ರಾಫಿಕ್ ಇರೋ ಜಾಗವೇ ಆಗಿತ್ತು. ಯಾರ ದಾರಿಗೂ ಅಡ್ಡ ಬರದ ಮೂಲೆಯಲ್ಲಿ ಬಾವುಟ ಏರಿಸಿದ್ದರೆ ರಾಮಸ್ವಾಮಿ ಬದುಕುತ್ತಿದ್ದನೇನೋ. ಹಾಗೇ ಆ ಬಾವುಟ ಯಾರಿಗೂ ಕಾಣ್ತಾನೂ ಇರಲಿಲ್ಲ.

ಸ್ಮಾರಕ ಕಟ್ಟಿ, ಪ್ರತಿಮೆ ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ಪ್ರತಿಮೆಗಳು ಬೇಕಾದಷ್ಟಿವೆ. ನನಗೆ ಬೇಕಿರೋದು ಒಂದು ಪೂರ್ತಿ ವಾಕ್ಯ. ಹೈಸ್ಕೂಲಿನ ವ್ಯಾಕರಣದಲ್ಲಿ ಕಲಿತ ಹಾಗೆ ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರುವ ವಾಕ್ಯ. ಮುಂದಿನ ಸಲ ಮೈಸೂರಿಗೆ ಹೋದಾಗ, ಸಿಗ್ನಲ್‌ನಲ್ಲಿ ಕಾರು ನಿಂತಾಗ, ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ಯಾರಿವನು ರಾಮಸ್ವಾಮಿ ಅಂತ ಕೇಳಿದರೆ ಇಷ್ಟು ಹೇಳಿ: 1947ರ ಸೆಪ್ಟೆಂಬರ್ 13ರಂದು, ಬಾವುಟ ಏರಿಸಲು ಹೋದ ರಾಮಸ್ವಾಮಿ ಎಂಬ ವಿದ್ಯಾರ್ಥಿಯನ್ನು ಮೈಸೂರು ಸಂಸ್ಥಾನದ ಸರ್ಕಾರ ಇಲ್ಲಿ ಗುಂಡಿಟ್ಟು ಕೊಂದಿತು.