ಎಷ್ಟೊತ್ತಿಗೆ ಬಿಡ್ತಾರೆ?

ಹೋದ ತಿಂಗಳು ನ್ಯಾಯಬೆಲೆ ಅಂಗಡಿಯ ಮುಂದೆ ಪಾಳಿ ಕಾಯುತ್ತಿದ್ದೆ. ಪಾಳಿಯಲ್ಲಿದ್ದದ್ದು ಚೀಲಗಳು, ಅವುಗಳ ಒಡೆಯರೆಲ್ಲ ಹಲಸಿನ ಮರದ ನೆರಳಿನಲ್ಲಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಬೆಳಗಿನಿಂದ ಒಂದು ಚಕ್ರ ತಿರುಗಿಸುತ್ತಾ ಕೂತಿತ್ತು. ಅಂಗಡಿಯ ಹುಡುಗ, ‘ಸರ್ವರ್ ಇಲ್ಲ ಅಜ್ಜೀ, ಮಧ್ಯಾಹ್ನ ಬನ್ನಿ’ ಅಂದ. ಅಜ್ಜಿ ಕದಲಲಿಲ್ಲ. ‘ಎಷ್ಟೊತ್ತಿಗೆ ಬಿಡ್ತಾರೋ ಮಾರಾಯ?’ ಅಂದರು.

ಹುಡುಗ ನಕ್ಕ. ‘ಬಿಡೋಕೆ ಅದೇನು ನಲ್ಲಿ ನೀರಾ?’ ಮರದ ಕೆಳಗಿದ್ದವರೂ ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜಿಯ ಎಣಿಕೆಯಲ್ಲಿ ತಪ್ಪೇನಿದೆ? ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ರಾತ್ರಿ ಹನ್ನೊಂದಕ್ಕೆ ತೋಟಕ್ಕೆ ತ್ರೀ ಫೇಸ್ ಕರೆಂಟ್ ಬಿಡುತ್ತಾರೆ. ಊರಿಗೊಂದು ಬಸ್ಸು ಬಿಟ್ಟಿದ್ದಾರೆ. 2023ರ ಆಗಸ್ಟ್‌ನಿಂದೀಚೆಗೆ ಗೃಹಲಕ್ಷ್ಮಿಯ ಎರಡು ಸಾವಿರವನ್ನೂ ಬಿಡುತ್ತಾರೆ. ಎಲ್ಲೋ ಒಬ್ಬ ತಿರುಪು ಹಿಡಿದು ಕೂತಿದ್ದಾನೆ, ಅವನು ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಎಪ್ಪತ್ತು ವರ್ಷ ಹೀಗೆ ಬಾಳಿದವರಿಗೆ ಸರ್ವರ್ ಮಾತ್ರ ತಾನಾಗಿ ಉಕ್ಕುವ ಚಿಲುಮೆ ಅನ್ನಿಸುವುದು ಹೇಗೆ?

ಅವತ್ತಿನಿಂದ ನನಗೊಂದು ಸಿದ್ಧಾಂತ ಹಿಡಿದುಕೊಂಡಿದೆ. ‘ಬಿಡು’ ಎಂಬ ಮಾತಿನೊಳಗೆ ಒಂದು ಮುಷ್ಟಿ ಇದೆ. ಮೊದಲು ಹಿಡಿ, ಆಮೇಲೆ ಬಿಡು, ಹಿಡಿಯದ್ದನ್ನು ಬಿಡಲಾಗದು. ಬಲ್ಲವರೊಬ್ಬರ ಹತ್ತಿರ ಹೇಳಿಕೊಂಡೆ. ‘ಹಾಗಾದರೆ ಗಿಡ ಹೂ ಬಿಡುತ್ತದಲ್ಲ, ಅಲ್ಲಿ ಮುಷ್ಟಿ ಯಾವುದು?’ ಎಂದು ಕೊಕ್ಕೆ ಹಾಕಿದರು. ಮೊಗ್ಗು ಮತ್ತೇನು ಸ್ವಾಮಿ? ‘ಮೀಸೆ ಬಿಡುವುದು?’ ಅದನ್ನು ಹಿಡಿದದ್ದು ಇಷ್ಟು ದಿನ ಕ್ಷೌರದ ಕತ್ತಿ. ಎತ್ತಿನ ಕೊರಳು ನೊಗದಿಂದ ಬಿಟ್ಟ ಜಾಗವೇ ಬೀಡು, ಬಿಡಾರ. ದಿಬ್ಬಣದವರನ್ನು ಇಳಿಸುವ ಮನೆಯೇ ಬಿಡದಿ. ಅವರು ‘ಬಿಡಿ, ನಿಮ್ಮ ಹತ್ತಿರ ಮಾತಾಡಿ ಪ್ರಯೋಜನವಿಲ್ಲ’ ಅಂದರು. ಆ ಬಿಡಿಯಲ್ಲೂ ಅವರು ನನ್ನ ಕೊರಳಪಟ್ಟಿ ಬಿಟ್ಟದ್ದು ನನಗೆ ಕಂಡಿತು.

ಈಗಿನವರು ಏನನ್ನೂ ಬಿಡುವುದಿಲ್ಲ. ಫೋನು ಲಾಂಚ್ ಆಗುತ್ತದೆ, ಯೋಜನೆ ಲಾಂಚ್ ಆಗುತ್ತದೆ, ರಾಕೆಟ್ಟೂ ಲಾಂಚ್ ಆಗುತ್ತದೆ. ನಮ್ಮ ಸಾಗರದ ಕಡೆ ಲಾಂಚ್ ಅಂದರೆ ಒಂದೇ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಅಂದರೆ ಸಿಗಂದೂರಿನ ದಾರಿಗೆ, ಜನ, ಜೀಪು, ಬಸ್ಸು ಎಲ್ಲವನ್ನೂ ಹೊತ್ತು ದಾಟಿಸುತ್ತಿದ್ದ ಅಗಲ ಬೆನ್ನಿನ ದೋಣಿ. ದಡಕ್ಕೆ ಓಡಿ ಬರುತ್ತಿದ್ದವರು ಏದುಸಿರಿನಲ್ಲಿ ಕೇಳುತ್ತಿದ್ದದ್ದು ‘ಲಾಂಚ್ ಬಿಟ್ರಾ?’ ಎಂದೇ. ಅಂದರೆ ಇವರ ಲಾಂಚನ್ನೂ ನಾವು ಬಿಡುತ್ತಲೇ ಇದ್ದೆವು. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು, ದಡದಲ್ಲಿ ಕಾಯುವ ಕೆಲಸ ತಪ್ಪಿತು. ಶ್ರೀಹರಿಕೋಟಾದಿಂದ ಚಂದ್ರಯಾನ-3 ಹೊರಟದ್ದೂ ಜುಲೈ 14, 2023ರಲ್ಲಿ. ತಾರೀಖುಗಳಿಗೂ ತಮಾಷೆ ಗೊತ್ತು.

ಪತ್ರಿಕೆಯವರು ‘ಉಡಾವಣೆ’ ಅನ್ನುತ್ತಾರೆ. ನನ್ನ ಕಿವಿಗೆ ಅದು ಅಪ್ಪನ ದುಡ್ಡು ಉಡಾಯಿಸಿದ ಮಗನ ಸುದ್ದಿಯಂತೆ ಕೇಳುತ್ತದೆ. ಸುಮಾರು 600 ಕೋಟಿಯಲ್ಲಿ ಚಂದ್ರನ ಮೇಲೆ ಇಳಿದವರಿಗೆ ಈ ಪದ ಅನ್ಯಾಯ. ‘ಹಾರಿಸಿದರು’ ಅನ್ನೋಣವೆಂದರೆ ಹಾರಿಸುವುದಕ್ಕೆ ನಮ್ಮಲ್ಲಿ ಕಾಗೆಗಳಿವೆ. ಟೀ ಅಂಗಡಿಯ ಕನ್ನಡವೇ ಸರಿ: ರಾಕೆಟ್ ಬಿಟ್ರು. ಬಾಣ ಬಿಟ್ಟ ಹಾಗೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರ ಹೂಳೆತ್ತಿದಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಬಿಡಲೆಂದು ಮಾಡಿಟ್ಟು ಬಿಡದೇ ಉಳಿದವು. ರಾಕೆಟ್ ನಮಗೆ ಹೊಸದಾಗಿದ್ದರೆ ತಾನೆ ಹೊಸ ಕ್ರಿಯಾಪದ ಬೇಕು?

ಇನ್ನು ಗಾದೆ. ‘ಇರಲಾರದೆ ಇರುವೆ ಬಿಟ್ಟುಕೊಂಡ.’ ಎಲ್ಲಿಗೆ ಬಿಟ್ಟುಕೊಂಡ ಎಂಬುದನ್ನು ಮರ್ಯಾದಸ್ಥರು ಹೇಳುವುದಿಲ್ಲ. ನಮ್ಮಜ್ಜಿ ಹೇಳುತ್ತಿದ್ದರು, ಪಂಚೆಯೊಳಕ್ಕೆ. ನನ್ನನ್ನು ಕಾಡುವುದು ಬೇರೆ. ಇರುವೆ ತಂದದ್ದು ಎಲ್ಲಿಂದ? ನಡುಮನೆಯಲ್ಲಿ ಹರಿಯುವ ಕರಿಯಿರುವೆ ಕಚ್ಚುವುದಿಲ್ಲ, ಅದರ ಮೇಲೆ ಗಾದೆ ಕಟ್ಟಲಾಗದು. ಹಾಗಾಗಿ ಅದು ಚಗಳಿಯೇ. ಚಗಳಿ ಬೇಕೆಂದರೆ ಮಾವಿನ ಮರ ಹತ್ತಬೇಕು, ಎಲೆ ಹೆಣೆದು ಕಟ್ಟಿದ ಕೊಟ್ಟೆಯನ್ನು ಕೊಂಬೆ ಸಮೇತ ಮುರಿಯಬೇಕು, ಕೈಗೆ ಕಚ್ಚಿಸಿಕೊಳ್ಳುತ್ತಾ ಇಳಿಯಬೇಕು. ಅಷ್ಟು ಕಷ್ಟಪಟ್ಟು ಚಟ್ನಿಯನ್ನಾದರೂ ಅರೆದನೇ? ಇಲ್ಲ, ಪಂಚೆ ಸಡಿಲಿಸಿದ. ಅವನು ಸೋಮಾರಿಯಲ್ಲ, ಮಹಾ ಉದ್ಯೋಗಶೀಲ! ಸುಮ್ಮನಿರುವುದೊಂದನ್ನು ಬಿಟ್ಟು ಎಲ್ಲ ಕೆಲಸವೂ ಅವನಿಗೆ ಬರುತ್ತದೆ. ‘ಬಿಟ್ಟ’ ಅಂದಿದ್ದರೆ ಅದು ಇರುವೆಯ ಕತೆ ಆಗುತ್ತಿತ್ತು. ‘ಕೊಂಡ’ ಬಂದು ಕೂತದ್ದರಿಂದ ಅವನ ಕತೆ ಆಯಿತು.

ನಾನೂ ಬಿಟ್ಟುಕೊಂಡವನೇ. ನಾಲ್ಕು ವರ್ಷ ಒಂದೇ ಹದದಲ್ಲಿ ನಡೆಯುತ್ತಿದ್ದ ಫೋನು. ಒಂದು ಭಾನುವಾರ ಮಳೆ, ಮಾಡಲು ಕೆಲಸವಿಲ್ಲ, ಪರದೆಯ ಮೇಲೆ ‘ಅಪ್‌ಡೇಟ್’ ಎಂಬ ಗುಂಡಿ. ಒತ್ತಿದೆ. ಮಾರನೆಯ ದಿನದಿಂದ ಅದು ನನ್ನ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ, ಅಕ್ಷರಗಳು ಸಾಸಿವೆಯಷ್ಟಾಗಿವೆ, ಕನ್ನಡ ಕೀಲಿಮಣೆ ಎಲ್ಲಿ ಅಡಗಿತೋ ತಿಳಿಯದು. ಅಕ್ಕನ ಮಗ ಬಂದು, ‘ಮಾಮ, ಯಾರು ಮಾಡು ಅಂದಿದ್ರು?’ ಎಂದು ಕೇಳಿದ. ಯಾರೂ ಅಂದಿರಲಿಲ್ಲ.

ಸಿನಿಮಾದವರದು ಇನ್ನೊಂದು ರಗಳೆ. ಟೀಸರ್ ‘ಡ್ರಾಪ್ ಆಯ್ತು’ ಅನ್ನುತ್ತಾರೆ. ಡ್ರಾಪ್ ಅಂದರೆ ಕೈಬಿಟ್ಟರು ಎಂದು ತಿಳಿದಿದ್ದ ನಾನು ಪಾಪ ನಿರ್ಮಾಪಕ ಎಂದು ಮರುಗಿದೆ. ಕೈಬಿಡು ಎಂಬಲ್ಲಿ ಕೈ ನೇರವಾಗಿಯೇ ಕಾಣುತ್ತದೆ, ನೋಡಿ. ಮೊದಲು ‘ಸಿನಿಮಾ ಬಿಡ್ತು’ ಅಂದರೆ ಆಟ ಮುಗಿದು ಜನ ಹೊರಗೆ ಬಂದರು ಎಂದು. ‘ರೀಲು ಬಿಡುವುದು’ ಸಿನಿಮಾದಿಂದ ಬಂತು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದು ಗಾಳಿಪಟದ ದಾರದ ಉಂಡೆ. ಬಿಟ್ಟಷ್ಟೂ ಪಟ ಏರುತ್ತದೆ, ಕೆಳಗೆ ನಿಂತವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಚುನಾವಣೆಯ ಭಾಷಣ ಕೇಳಿದವರು ನನ್ನ ಪಕ್ಷಕ್ಕೇ ಬರುತ್ತಾರೆ. ಈಗ ಹುಡುಗರು ‘ರೀಲ್ಸ್ ಮಾಡ್ತೀವಿ’ ಅನ್ನುತ್ತಾರೆ. ಮಾಡಲಿ, ನೋಡಿದ ಮೇಲೆ ನನಗೆ ಬಿಟ್ಟಂತೆಯೇ ತೋರುತ್ತದೆ.

ಮಂಡ್ಯದ ನೆಂಟರ ಮನೆಯಲ್ಲಿ ಮಾತ್ರ ಈ ಪದವನ್ನು ಬಾಯಿ ತಪ್ಪಿಯೂ ಆಡಬೇಡಿ. ಅಲ್ಲಿ ಬಿಡು ಅಂದರೆ ಕೆಆರ್‌ಎಸ್, ಬಿಡು ಅಂದರೆ ಬಿಳಿಗುಂಡ್ಲು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವರ್ಷಕ್ಕೆ 177.25 ಟಿಎಂಸಿ ಎಂದು ಅಳೆದು ಹೇಳಿದ್ದೂ ಬಿಡುವುದರ ಲೆಕ್ಕವನ್ನೇ.

ಇಷ್ಟೆಲ್ಲ ಹೊರುವ ಪದ ಇನ್ನೊಂದು ಕ್ರಿಯಾಪದದ ಬಾಲವಾದಾಗಲೇ ನನಗೆ ಹೆಚ್ಚು ಇಷ್ಟ. 2019ರ ಸೆಪ್ಟೆಂಬರ್ 7, ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ ನಾವೆಲ್ಲ ಟಿವಿ ಮುಂದೆ, ಹಿಂದಿನ ಚಂದ್ರಯಾನದ ನೌಕೆ ಚಂದ್ರನ ಮೇಲೆ ಇಳಿಯುವುದನ್ನು ಕಾಯುತ್ತಾ. ಪರದೆಯ ಮೇಲಿನ ಗೆರೆ ನಿಂತಿತು, ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ಮಾತು ನಿಂತಿತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ‘ಹೋಗಿಬಿಡ್ತಲ್ಲೋ’ ಅಂದರು. 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ದೀಪ ಹಚ್ಚಲು ಎದ್ದವರು ಬೆಂಕಿಪೊಟ್ಟಣ ಕೈಯಲ್ಲೇ ಹಿಡಿದು ‘ಇಳಿದುಬಿಡ್ತು!’ ಅಂದರು. ಎರಡು ಸಲವೂ ಅದೇ ಬಾಲ. ‘ಸಕ್ಸಸ್‌ಫುಲ್ ಲ್ಯಾಂಡಿಂಗ್’ ಎಂದು ಟಿವಿಯವನು ಹತ್ತು ಸಲ ಕೂಗಿದ. ನಮ್ಮ ಮನೆಯಲ್ಲಿ ನೆನಪಿರುವುದು ಅಮ್ಮನ ಮಾತು.

ಅಂದಹಾಗೆ, ಅವತ್ತು ಸರ್ವರ್ ಬಿಟ್ಟದ್ದು ಮಧ್ಯಾಹ್ನ ಮೂರೂಕಾಲಿಗೆ. ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ಹಿಡಿದದ್ದು ನಾಲ್ಕನೇ ಸಲಕ್ಕೆ.